ಗಿಟಾರ್ ಪಿಕಪ್ಪೊಂದರ ಮರಣೋತ್ತರ ದುರಸ್ತಿ

2006ನೇ ಇಸವಿ. ದೆಹಲಿಯ ಒಂದು ಕೇಂದ್ರ ಸರ್ಕಾರಿ ಪ್ರಯೋಗಾಲಯದ ಉಪಕರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಮೀಟರುಗಳನ್ನು ರಿಪೇರಿ ಮಾಡಿ ನಾನು ನಿವೃತ್ತನಾಗಿ ಎರಡು ವರ್ಷಗಳಾಗಿದ್ದವು. ಲೋಧಿ ಕಾಲೋನಿಯ ಸರ್ಕಾರಿ ಮನೆ ಈಗ ಹೆಂಡತಿ ವಿಮಲಳ ಹೆಸರಿನಲ್ಲಿತ್ತು. ಆಕೆಗೆ ಇನ್ನೂ ಐದು ವರ್ಷ ಸರ್ವಿಸ್ ಉಳಿದಿತ್ತು. ಮನೆಯ ಅರ್ಜಿಯಲ್ಲಿ ‘ಅವಲಂಬಿತರು’ ಎಂಬ ಅಂಕಣದಲ್ಲಿ ಆಕೆ ನನ್ನ ಹೆಸರನ್ನು ದುಂಡಗಿನ ಅಕ್ಷರಗಳಲ್ಲಿ ಬರೆದಳು. ಅದನ್ನು ನೋಡಿದ ವಾರದಲ್ಲೇ ನಾನು ಕರೋಲ್ ಬಾಗಿನಲ್ಲಿ, ಲೌಡ್‌ಸ್ಪೀಕರ್ ಭಾಗಗಳನ್ನು ಮಾರುವ ಅಂಗಡಿಯ ಮೇಲೆ, ಒಂದು ಕೋಣೆ ಹಿಡಿದೆ. ಒಂದು ಮೇಜು, ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಒಂದು ಆಸಿಲೇಟರ್, ಕೈಯಿಂದ ತಿರುಗಿಸುವ ಕಾಯಿಲ್ ಸುತ್ತುವ ಯಂತ್ರ. ಇಷ್ಟೇ ಆಸ್ತಿ.

ಮೀಟರ್ ರಿಪೇರಿ ಮಾಡುವವನ ಬಳಿಗೆ ಗಿಟಾರಿನವರು ಯಾಕೆ ಬರಬೇಕು ಎಂದು ಓದುಗರು ಕೇಳಬಹುದು. ಕಾರಣ ಕಾಯಿಲ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆಂಕಿಪೆಟ್ಟಿಗೆಗಿಂತ ತುಸು ಉದ್ದನೆಯ ಒಂದು ಪಟ್ಟಿ ಇರುತ್ತದೆ. ಅದಕ್ಕೆ ಪಿಕಪ್ ಎನ್ನುತ್ತಾರೆ. ಒಳಗಿರುವುದು ಆಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಯಿಲ್‌ನಲ್ಲಿ ಅಷ್ಟಿಷ್ಟು ವೋಲ್ಟೇಜ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಊರಿಗೆ ಕೇಳಿಸುತ್ತದೆ. ಸುತ್ತು ಹೆಚ್ಚಾದರೆ ಸ್ವರ ದಪ್ಪ, ಕಡಿಮೆಯಾದರೆ ಚೂಪು. ಆಯಸ್ಕಾಂತ ಮುದಿಯಾದರೆ ಸ್ವರ ಮೆತ್ತಗಾಗುತ್ತದೆ. ಮೆತ್ತಗಾಗುವುದು ಮುದುಕರ ಸಹಜ ಗುಣ. ಆಯಸ್ಕಾಂತಕ್ಕೂ ಅದು ತಪ್ಪಿದ್ದಲ್ಲ. ನಾನು ಗ್ಯಾಲ್ವನೋಮೀಟರುಗಳಿಗೆ ಇಂಥ ಕಾಯಿಲ್‌ಗಳನ್ನು ಸುತ್ತಿದವನು. ಹೋಟೆಲ್ ಬ್ಯಾಂಡುಗಳವರಿಗೆ ಆ ಸುದ್ದಿ ಹೇಗೋ ಮುಟ್ಟಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಫೆಲಿಕ್ಸ್ ಬಂದರು. ವಯಸ್ಸು ಅರವತ್ತಾರು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕಪ್ಪು ಗಿಟಾರ್ ಪೆಟ್ಟಿಗೆ. ಮಯೂರ್ ವಿಹಾರದಿಂದ ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ನನ್ನ ಬೋರ್ಡಿನ ಮೇಲಿದ್ದ ಹೆಸರು ಓದಿದರು.

“ಮೂರ್ತಿ ಅಂದ್ರೆ ನಮ್ಮ ಕಡೆಯವರೋ?”

“ಹಾಸನ.”

“ದೇವರು ದೊಡ್ಡವ. ನಾನು ಮಂಗಳೂರು. ಹಿಂದಿಯಲ್ಲಿ ಸ್ವರದ ತಕರಾರು ಹೇಳ್ಲಿಕ್ಕೆ ನನಗೆ ಬರುದಿಲ್ಲ ಮಾರಾಯ್ರೆ. ಮೂವತ್ತೆಂಟು ವರ್ಷ ಆಯ್ತು ದಿಲ್ಲಿಗೆ ಬಂದು, ಇನ್ನೂ ಬರುದಿಲ್ಲ.”

ಪೆಟ್ಟಿಗೆ ತೆರೆದರು. 1967ರಲ್ಲಿ ಜಪಾನಿನಲ್ಲಿ ತಯಾರಾದ ಗಿಟಾರು. ಮೊದಲು ಕೆಂಪಾಗಿದ್ದದ್ದು ಈಗ ಇಟ್ಟಿಗೆ ಬಣ್ಣಕ್ಕೆ ಇಳಿದಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ಯಾರಿಂದಲೋ ಕೊಂಡದ್ದಂತೆ. ಅದನ್ನು ಹಿಡಿದು ಅವರು ದೆಹಲಿಯ ಹೋಟೆಲುಗಳಲ್ಲಿ ಜೀವನ ಮಾಡಿದ್ದರು. ಹೋಟೆಲುಗಳು ಒಂದೊಂದಾಗಿ ಬ್ಯಾಂಡ್ ಬಿಟ್ಟು ಕ್ಯಾಸೆಟ್ ಹಿಡಿದವು, ಕ್ಯಾಸೆಟ್ ಬಿಟ್ಟು ಸಿ.ಡಿ. ಹಿಡಿದವು. ಈಗ ಉಳಿದದ್ದು ಒಂದೇ ಜಾಗ: ನೋಯ್ಡಾದ ಒಂದು ಕ್ಲಬ್ಬಿನಲ್ಲಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಹಳೆಯ ಟ್ಯೂನುಗಳು. ಬ್ಯಾಂಡಿನ ಯಜಮಾನ ಕೀಬೋರ್ಡ್ ನುಡಿಸುವ ಖನ್ನಾ. ಡಿಸೆಂಬರಿನಲ್ಲಿ ಒಂದು ಭಾನುವಾರ ಕ್ಲಬ್ಬಿನ ಕಮಿಟಿ ಕೂತು ಕೇಳಿ, ಮುಂದಿನ ವರ್ಷಕ್ಕೆ ಈ ಬ್ಯಾಂಡ್ ಇರಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು.

“ಖನ್ನಾ ಹೇಳಿದ್ದಾನೆ, ಫೆಲಿಕ್ಸ್, ನಿನ್ನ ಟೋನ್ ಸರಿ ಇಲ್ಲ, ಸರಿ ಮಾಡಿಸು, ಇಲ್ಲದಿದ್ರೆ ಬೇರೆಯವರನ್ನು ನೋಡ್ತೇನೆ ಅಂತ,” ಎಂದರು ಫೆಲಿಕ್ಸ್. “ಸ್ವರಕ್ಕೆ ಕಂಬಳಿ ಹೊದೆಸಿದ ಹಾಗೆ ಆಗಿದೆ. ಮೊದಲು ಗಂಟೆ ಬಾರಿಸಿದ ಹಾಗೆ ಇತ್ತು. ನನಗೆ ಆ ಹಳೆ ಟೋನ್ ಬೇಕು. ಭಾನುವಾರ ಹೋದ್ರೆ ನನಗೆ ವಾರದಲ್ಲಿ ಬೇರೆ ದಿನ ಇಲ್ಲ.”

ನಾನು ಮಾತಾಡುವಾಗ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಇಷ್ಟು ಗಮನವಿಟ್ಟು ನನ್ನ ಮಾತನ್ನು ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಯಾರೂ ಕೇಳಿರಲಿಲ್ಲ. ಸಹಜವಾಗಿಯೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ನುಡಿಸಿ ತೋರಿಸಿದರು. ನನ್ನ ಕಿವಿಗೆ ಯಾವ ದೋಷವೂ ಕೇಳಲಿಲ್ಲ. ತುಸು ಬೆಚ್ಚಗಿನ, ಅಂಚು ಸವೆದ, ಹಳೆಯ ನಾಣ್ಯದಂಥ ಸ್ವರ. ಅಳೆದು ನೋಡಿದೆ. ತಂತಿಗಳ ಬುಡ ಆತುಕೊಳ್ಳುವ ‘ಬ್ರಿಡ್ಜ್’ನ ಪಕ್ಕದ ಪಿಕಪ್, ಅಂದರೆ ಅವರು ಸದಾ ಬಳಸುತ್ತಿದ್ದದ್ದು, 7.1 ಕಿಲೋ ಓಮ್ ತೋರಿಸಿತು. ಆರೋಗ್ಯವಂತ ಅಂಕಿ. ಆದರೆ ಎದುರಿಗೆ ಕೂತಿದ್ದವರು ನಲವತ್ತು ವರ್ಷ ನುಡಿಸಿದ ಸಂಗೀತಗಾರ, ನಾನು ಮೀಟರಿನವನು. ಸಂಗೀತಗಾರರ ಕಿವಿಯ ಬಗ್ಗೆ ನಮ್ಮ ಜನಕ್ಕೆ ಗರ್ಭಗುಡಿಯ ಬಗ್ಗೆ ಇರುವಂಥ ಭಯ. ಹೊರಗೆ ನಿಂತು ಕೈಮುಗಿಯುತ್ತೇವೆ, ಒಳಗೆ ದೀಪ ಉರಿಯುತ್ತಿದೆಯೇ ಎಂದು ಇಣುಕುವುದಿಲ್ಲ. ನಾನೂ ಇಣುಕಲಿಲ್ಲ.

ಮೊದಲ ಸಲ ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಒಳಗಿನ ಪೊಟೆನ್ಶಿಯೋಮೀಟರುಗಳನ್ನು ಬದಲಿಸಿದೆ. ಇದ್ದದ್ದು 250 ಕಿಲೋ ಓಮ್. 500 ಹಾಕಿದರೆ ಮೇಲಿನ ಸ್ವರಗಳು ಸೋರಿಹೋಗದೆ ಉಳಿಯುತ್ತವೆ. ಸೋರುತ್ತಿದ್ದ ಹಳೆಯ ಕೆಪಾಸಿಟರನ್ನೂ ಕಿತ್ತೆ. ಫೆಲಿಕ್ಸ್ ನುಡಿಸಿ ತಲೆ ಓರೆ ಮಾಡಿದರು. “ಸ್ವಲ್ಪ ಆಯ್ತು. ಇನ್ನೂ ಬೇಕು.”

ಎರಡನೇ ಸಲ, ಅಕ್ಟೋಬರಿನಲ್ಲಿ, ಹಳೆಯ ಪಿಕಪ್ಪನ್ನೇ ತೆಗೆದು ಹೊಸದೊಂದನ್ನು ಸುತ್ತಿದೆ. ಕಡಿಮೆ ಸುತ್ತು, ಬಲವಾದ ಆಯಸ್ಕಾಂತ, 4.8 ಕಿಲೋ ಓಮ್. ಸುತ್ತುಗಳು ಒಂದರ ಪಕ್ಕ ಒಂದು, ಪರೇಡಿನಲ್ಲಿ ನಿಂತ ಸಿಪಾಯಿಗಳಂತೆ. ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅನಂತರ ನಾನು ಮಾಡಿದ ಒಂದು ಕೆಲಸವನ್ನು ವಿವರಿಸಬೇಕು. ನಮ್ಮ ವಿಭಾಗದಲ್ಲಿ ಯಾವುದೇ ಬಿಡಿಭಾಗವನ್ನು ‘ಕಂಡೆಮ್ಡ್’ ಎಂದು ಬರೆದರೆ ಅದನ್ನು ಹಾಗೇ ಬಿಸಾಡುವಂತಿರಲಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿ, ಒರೆಸಿ, ಹೊಸದೆಂದು ಸರ್ಕಾರಕ್ಕೇ ಮತ್ತೆ ಮಾರಿಬಿಡಬಹುದು ಎಂಬ ದೂರದೃಷ್ಟಿ. ಆದ್ದರಿಂದ ಸುತ್ತಿಗೆಯಿಂದ ಹೊಡೆದು, ತಂತಿ ಕತ್ತರಿಸಿ, ರಿಜಿಸ್ಟರಿನಲ್ಲಿ ‘ವಿರೂಪಗೊಳಿಸಲಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಮೂವತ್ತೊಂದು ವರ್ಷ ಇದನ್ನು ಮಾಡಿದ ಕೈಗೆ ನಿವೃತ್ತಿಯ ಆದೇಶ ತಲುಪಿರಲಿಲ್ಲ. ಫೆಲಿಕ್ಸರ ಹಳೆಯ ಪಿಕಪ್ಪನ್ನೂ ಪೊಟೆನ್ಶಿಯೋಮೀಟರುಗಳನ್ನೂ ಮೇಜಿನ ಮೇಲಿಟ್ಟು ಮೂರು ಏಟು ಹಾಕಿದೆ. ಕಾಯಿಲ್ ಹರಿಯಿತು, ಆಯಸ್ಕಾಂತ ಎರಡು ತುಂಡಾಯಿತು. ಸುಂದರವಾಗಿ ಸಹಿಯನ್ನೂ ಹಾಕಿದೆ.

ಹೊಸ ಪಿಕಪ್ ಕೇಳಿ ಫೆಲಿಕ್ಸರ ಮುಖ ಅರಳಿತು. “ಹತ್ತಿರ ಬಂತು ಮಾರಾಯ್ರೆ! ಇನ್ನೊಂದು ಚೂರು.” ನನಗೋ ಸ್ಟೀಲ್ ತಟ್ಟೆಯನ್ನು ಮೊಳೆಯಿಂದ ಗೀಚಿದ ಹಾಗಿತ್ತು. ಗರ್ಭಗುಡಿ, ಗರ್ಭಗುಡಿ ಎಂದುಕೊಂಡು ಸುಮ್ಮನಾದೆ.

ಮೂರನೇ ಸಲ ಅವರು ಬಂದದ್ದು ನವೆಂಬರಿನ ಕೊನೆಗೆ. ಕಮಿಟಿಯ ಊಟಕ್ಕೆ ಎರಡು ವಾರ ಉಳಿದಿತ್ತು. ನಾನು ಬೇರೊಬ್ಬರ ಲೌಡ್‌ಸ್ಪೀಕರನ್ನು ಆಸಿಲೇಟರಿನಿಂದ ಪರೀಕ್ಷಿಸುತ್ತಿದ್ದೆ. ಬೇಕಾದ ಕಂಪನಾಂಕದ ಒಂದೇ ಸ್ವರವನ್ನು ಹೊರಡಿಸುವ ಪೆಟ್ಟಿಗೆ ಅದು. ಗುಂಡಿ ತಿರುಗಿಸಿದಂತೆ ಸ್ವರ ಮೇಲೇರುತ್ತದೆ. ಫೆಲಿಕ್ಸ್ ಸ್ಟೂಲಿನ ಮೇಲೆ ಕೂತು ಹೆಂಡತಿ ಲಿಲ್ಲಿ ಮಾಡುವ ಬಂಗುಡೆ ಮೀನಿನ ಸಾರಿನ ವಿಷಯ ಹೇಳುತ್ತಿದ್ದರು. ಸಾವಿರ ಹರ್ಟ್ಜ್‌ನಲ್ಲಿ ಮುಖ ಕಿವುಚಿ ಮಾತು ನಿಲ್ಲಿಸಿದರು. ಎರಡು ಸಾವಿರದಲ್ಲಿ ಮತ್ತೆ ಶುರು ಮಾಡಿದರು. ನಾಲ್ಕು ಸಾವಿರಕ್ಕೆ ಏರಿಸಿದಾಗ ನನ್ನ ಹಲ್ಲು ಜುಮ್ಮೆಂದಿತು. ಫೆಲಿಕ್ಸ್ ಹುಣಸೆಹುಳಿ ಎಷ್ಟು ಹಾಕಬೇಕೆಂದು ಬೆರಳಿನಲ್ಲಿ ತೋರಿಸುತ್ತಿದ್ದರು.

ಕೆಳಗಿನ ಅಂಗಡಿಯವನು ಕಿವಿ ಹರಿದುಹೋಯಿತೆಂದು ಮೆಟ್ಟಿಲ ಬುಡದಿಂದ ಕೂಗಿದ: “ಅರೆ ಮೂರ್ತಿ ಸಾಬ್! ಬಂದ್ ಕರೋ ಯಾರ್, ಕಾನ್ ಫಟ್ ಗಯೇ!”

ಫೆಲಿಕ್ಸ್ ಬಾಗಿಲ ಕಡೆ ತಿರುಗಿದರು. “ಕೆಳಗೆ ಎಂತ ಗಲಾಟೆ?”

ನಾನು ಗುಂಡಿಯನ್ನು ನಿಧಾನಕ್ಕೆ ಇಳಿಸುತ್ತಾ ಅವರ ಮುಖ ನೋಡಿದೆ. ಮೂರು ಸಾವಿರ, ಏನೂ ಇಲ್ಲ. ಎರಡೂವರೆ ಸಾವಿರ, ಏನೂ ಇಲ್ಲ. ಎರಡು ಸಾವಿರದ ಹತ್ತಿರ ಹುಬ್ಬು ಸ್ವಲ್ಪ ಅಲುಗಿತು. ಅಷ್ಟರಲ್ಲಿ ಅವರ ಕಣ್ಣು ಗುಂಡಿಯ ಮೇಲೆ ಬಿದ್ದಿತ್ತು. ಬಂಗುಡೆ ಸಾರು ಅಲ್ಲಿಗೇ ನಿಂತಿತು.

ನಾನು ಆಸಿಲೇಟರ್ ಆರಿಸಿದೆ. ಅವರೇ ಗಿಟಾರ್ ಪೆಟ್ಟಿಗೆಯಲ್ಲಿ ತಂತಿ ಇಡುವ ಖಾನೆ ತೆರೆದು, ನಾಲ್ಕಾಗಿ ಮಡಿಚಿದ ಒಂದು ಕಾಗದ ತೆಗೆದು ಕೊಟ್ಟರು. ಕಿವಿ ಪರೀಕ್ಷೆಯ ವರದಿ. ಗೆರೆ ಎಡದಿಂದ ಸಮವಾಗಿ ಬಂದು, ಎತ್ತರದ ಸ್ವರಗಳು ಶುರುವಾಗುವ ಕಡೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ತಾರೀಖು ಮಾರ್ಚಿನದು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಗಿಟಾರ್ ಮುಟ್ತಿದ್ರಾ? ಕಿವಿಗೆ ರಿಪೇರಿ ಇಲ್ಲ ಅಂತ ಡಾಕ್ಟರ್ ಹೇಳಿದ್ರು. ಗಿಟಾರಿಗೆ ಉಂಟಲ್ಲ. ಅದಕ್ಕೆ ನಿಮ್ಮ ಹತ್ರ ಬಂದೆ.”

“ಕಿವಿಗೆ ಮಿಷಿನ್ ಹಾಕಿ ನೋಡಿದ್ರಾ?”

“ನೋಡಿದೆ. ಮಾತು ಕೇಳ್ತದೆ. ಗಿಟಾರ್ ಅಂದ್ರೆ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ.” ಆಮೇಲೆ ಖನ್ನಾನ ಮಾತಿನಲ್ಲಿ ತಾವು ನುಂಗಿದ್ದ ಅರ್ಧವನ್ನೂ ಹೇಳಿದರು. “ಖನ್ನಾ ಹೇಳಿದ್ದು ಚೂಪು ಹೆಚ್ಚಾಗಿದೆ ಅಂತ. ನನಗೆ ಕೇಳುದಿಲ್ಲ ಅಂತ ಆಂಪ್ಲಿಫೈಯರಲ್ಲಿ ಟ್ರೆಬಲ್ ಏರಿಸ್ತಿದ್ದೆ. ಹೊಸ ಪಿಕಪ್ ಹಾಕಿದ ಮೇಲೆ ಕೇಳ್ಬೇಡಿ, ಊಟ ಮಾಡುವವರು ಚಮಚ ಕೆಳಗಿಟ್ಟು ನನ್ನನ್ನು ನೋಡ್ತಾರೆ.”

ಪ್ರಯೋಗಾಲಯದಲ್ಲಿ ಅಳತೆ ತಪ್ಪಿದಾಗ ಮೊದಲು ನೋಡುವವನನ್ನು ಪರೀಕ್ಷಿಸು, ಆಮೇಲೆ ಯಂತ್ರವನ್ನು ಎಂದು ಹೊಸದಾಗಿ ಸೇರಿದವರಿಗೆ ನಾನೇ ಪಾಠ ಹೇಳುತ್ತಿದ್ದೆ. ಆ ಪಾಠವನ್ನು ಮೂರು ತಿಂಗಳು ಮರೆತು, ಸರಿಯಿದ್ದ ಗಿಟಾರನ್ನು ನಾನು ಕೆಡಿಸಿದ್ದೆ.

“ಆಗಲಿ,” ಎಂದರು ಫೆಲಿಕ್ಸ್. “ನನಗೆ ಕೇಳದಿದ್ರೆ ಬೇಡ. ಊಟಕ್ಕೆ ಬಂದವರಿಗಾದ್ರೂ ಸರಿ ಕೇಳ್ಲಿ. ಆ ಹಳೆ ಪಿಕಪ್ಪನ್ನು ವಾಪಸ್ ಹಾಕಿ.”

ನಾನು ಡ್ರಾಯರ್ ಎಳೆದು, ಕಾಗದದ ಪೊಟ್ಟಣ ಬಿಚ್ಚಿದೆ. ಅವರು ತುಂಡಾದ ಆಯಸ್ಕಾಂತವನ್ನು ಕೈಗೆತ್ತಿಕೊಂಡು ಎರಡನ್ನೂ ಜೋಡಿಸಿ ನೋಡಿದರು.

“ಬಿತ್ತಾ?”

“ಇಲ್ಲ. ಹೊಡೆದೆ. ಹಾಗೆ ನಿಯಮ.”

“ಯಾರ ನಿಯಮ?”

“ಸರ್ಕಾರದ್ದು.”

“ಈ ಗಿಟಾರ್ ಸರ್ಕಾರದ್ದಲ್ಲವಲ್ಲ ಮಾರಾಯ್ರೆ.”

ನನ್ನ ಸರ್ವಿಸ್ ದಾಖಲೆಯಲ್ಲಿ ಒಂದೇ ಒಂದು ಕೆಟ್ಟ ಷರಾ ಇಲ್ಲ. ಇಲ್ಲಿಯವರೆಗೂ ಬರೆಯದೆ ಉಳಿದದ್ದನ್ನೆಲ್ಲ ಆ ಒಂದು ವಾಕ್ಯದಲ್ಲಿ ಅವರು ಬರೆದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮುಂದಿನ ಹತ್ತು ದಿನ ನಾನು ಸತ್ತ ಪಿಕಪ್ಪಿನ ಒಂದು ನಕಲನ್ನು ಮಾಡಲು ಕೂತೆ. ಹರಿದ ತಂತಿಯ ದಪ್ಪ ಅಳೆಯಬಹುದಿತ್ತು, 7.1 ಎಂಬ ಅಂಕಿ ಪುಸ್ತಕದಲ್ಲಿತ್ತು. ಆದರೆ ಅದೇ ಅಂಕಿ ಬಂದರೂ ಅದೇ ಸ್ವರ ಬರುವುದಿಲ್ಲ. ಹಳೆಯ ಕಾಯಿಲ್ಲನ್ನು ಜಪಾನಿನಲ್ಲಿ ಯಾರೋ ಅಡ್ಡಾದಿಡ್ಡಿ ಸುತ್ತಿದ್ದರು. ಆಯಸ್ಕಾಂತ ನಲವತ್ತು ವರ್ಷದಲ್ಲಿ ಎಷ್ಟು ಸೊರಗಿತ್ತೋ ಅಳೆದವರಿಲ್ಲ. ಹೋಲಿಸಿ ನೋಡಲು ಒಂದು ಪ್ರಮಾಣ ಬೇಕು. ಮೂಲವಂತೂ ಇಲ್ಲ. ಫೆಲಿಕ್ಸರ ಕಿವಿಯನ್ನು ನಂಬುವಂತಿಲ್ಲ. ನಾನು ಕೇಳಿದ್ದು ಒಂದೇ ಒಂದು ಬೆಳಿಗ್ಗೆ.

“ಲಿಲ್ಲಿ ಕೇಳಿದ್ದಾಳೆ,” ಎಂದರು ಫೆಲಿಕ್ಸ್. “ಬೇಡ ಅಂದ್ರೂ ಕೇಳಿದ್ದಾಳೆ.”

ಹೀಗೆ ಲಿಲ್ಲಿಯವರು ಕರೋಲ್ ಬಾಗಿನ ಮೂರು ಮಹಡಿ ಹತ್ತಿ ಬಂದು, ನಮ್ಮ ಪ್ರಮಾಣ ಉಪಕರಣವಾಗಿ ಸ್ಟೂಲಿನ ಮೇಲೆ ಪ್ರತಿಷ್ಠಾಪಿತರಾದರು. ಸಣ್ಣ ಆಳು, ದಪ್ಪ ಸ್ವೆಟರು, ಮಡಿಲಲ್ಲಿ ಒಂದು ಚೀಲ ಬಟಾಣಿ. ಚಳಿಗಾಲದ ದೆಹಲಿಯಲ್ಲಿ ಹೆಂಗಸರು ಸುಮ್ಮನೆ ಕೂರುವುದಿಲ್ಲ. ನಾನು ಪಿಕಪ್ ಹಾಕುವುದು, ಫೆಲಿಕ್ಸ್ ನುಡಿಸುವುದು, ಅವರು ಬಟಾಣಿ ಬಿಡಿಸುತ್ತಾ ತೀರ್ಪು ಕೊಡುವುದು.

“ಇಲ್ಲ.”

ಸುತ್ತು ಹೆಚ್ಚಿಸಿದೆ. “ಇಲ್ಲ. ಈಗ ಶೀತ ಆದವರ ಹಾಗೆ ಉಂಟು.”

ಆಯಸ್ಕಾಂತವನ್ನು ಇನ್ನೊಂದರ ಎದುರಿಗೆ ಉಜ್ಜಿ ದುರ್ಬಲ ಮಾಡಿದೆ. ಮೊದಲಿದ್ದಂಥವೇ 250 ಕಿಲೋ ಓಮ್ ಪೊಟೆನ್ಶಿಯೋಮೀಟರುಗಳನ್ನು ಹುಡುಕಿ ತಂದು ಹಾಕಿದೆ. “ಇದು ಪರವಾಗಿಲ್ಲ. ಆದ್ರೆ ಅದಲ್ಲ.” ಫೆಲಿಕ್ಸ್ ಪ್ರತಿ ಸಲವೂ ನುಡಿಸಿ, ಹೆಂಡತಿಯ ತುಟಿ ನೋಡುತ್ತಿದ್ದರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಇವರು ನನ್ನ ಅಭಿಪ್ರಾಯ ಕೇಳಿದ್ದು ಇದೇ ಮೊದಲು ಎಂದು ಲಿಲ್ಲಿಯವರು ನನಗೆ ಹೇಳಿದರು. ಫೆಲಿಕ್ಸರಿಗೆ ಅದು ಕೇಳಿತೋ ಇಲ್ಲವೋ, ಅವರು ತಂತಿ ಬಿಗಿ ಮಾಡುತ್ತಿದ್ದರು.

ಆರನೆಯ ಕಾಯಿಲ್ಲನ್ನು ನಾನು ಯಂತ್ರ ಬಿಟ್ಟು ಬೆರಳಿನಲ್ಲಿ ತಂತಿ ಹಿಡಿದು, ಬೇಕೆಂದೇ ಓರೆಕೋರೆಯಾಗಿ ಸುತ್ತಿದೆ. ಜೀವಮಾನವಿಡೀ ಯಾವುದನ್ನು ತಪ್ಪು ಎಂದು ವಾಪಸ್ ಕಳಿಸುತ್ತಿದ್ದೆನೋ ಅಂಥ ಕೆಲಸ. ಒಮ್ಮೆ ತಂತಿ ಹರಿಯಿತು, ಮತ್ತೆ ಬೆಸೆದೆ. 7.4 ತೋರಿಸಿತು. ಫೆಲಿಕ್ಸ್ ನಿಧಾನಗತಿಯ ಒಂದು ಹಳೆಯ ವಾಲ್ಟ್ಜ್ ಎತ್ತಿಕೊಂಡರು. ಲಿಲ್ಲಿಯವರ ಬೆರಳು ಸಿಪ್ಪೆಯ ಮೇಲೆ ನಿಂತಿತು.

“ಅದೇ ಅಲ್ಲ,” ಎಂದರು ಕೊನೆಗೆ. “ಅದರ ತಮ್ಮ. ಮನೆಯೊಳಗೆ ಕರೀಬಹುದು.”

ಹೊರಡುವಾಗ, ಫೆಲಿಕ್ಸ್ ಮೆಟ್ಟಿಲಿಳಿದ ಮೇಲೆ, ಅವರು ಹಿಂದುಳಿದು ಹೇಳಿದರು: “ಅಲ್ಲಿ ಹೋಗಿ ಕೂತರೆ ಇವರ ಕೈ ಸುಮ್ಮನಿರುದಿಲ್ಲ. ಕೇಳುದಿಲ್ಲ ಅಂತ ಆ ಟ್ರೆಬಲ್ ಗುಂಡಿ ತಿರುಗಿಸಿಯೇ ತಿರುಗಿಸ್ತಾರೆ. ಅದರ ವಯರ್ ತೆಗೆದುಬಿಡಿ.”

“ಅವರಿಗೆ ಹೇಳಲೇ?”

“ನಾನು ಹೇಳ್ತೇನೆ. ಗುಂಡಿ ಮಾತ್ರ ಇರ್ಲಿ. ಹಿಡೀಲಿಕ್ಕೆ ಏನಾದ್ರೂ ಬೇಕಲ್ಲ.”

ಭಾನುವಾರ ನಾನೂ ನೋಯ್ಡಾಕ್ಕೆ ಹೋಗಿ, ಊಟ ಶುರುವಾಗುವ ಮೊದಲೇ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯ ವಯರ್ ಕಳಚಿದೆ. ಮಂಜು ಹನ್ನೊಂದಕ್ಕೆ ಕರಗಿತ್ತು. ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ತಂದೂರಿನ ಹೊಗೆ, ಶಾಲು ಹೊದ್ದ ಕಮಿಟಿಯವರು. ನಾನು ಲಿಲ್ಲಿಯವರ ಪಕ್ಕದಲ್ಲಿ, ಸ್ಪೀಕರಿಗೆ ನೇರವಾಗಿ ಕೂತೆ. ಖನ್ನಾ ತಾಳದ ಎಣಿಕೆ ಕೊಟ್ಟ. ಎರಡನೆಯ ಟ್ಯೂನಿನಲ್ಲಿ ಗಿಟಾರಿನ ಸರದಿ ಬಂತು.

ಏನು ಹೇಳಲಿ. ಸ್ವರ ಬಂತು. ಮೇಜುಗಳ ಮೇಲೆ ಹಾದು, ಚಮಚಗಳ ಸದ್ದಿಗೆ ಅಡ್ಡಿ ಮಾಡದೆ, ಆದರೆ ಅದನ್ನು ಮರೆಸಿ. ಕಮಿಟಿಯ ಅಧ್ಯಕ್ಷರು ಹೆಂಡತಿಯ ಕಡೆ ಬಾಗಿ ಏನೋ ಹೇಳಿದರು, ಆಕೆ ನಕ್ಕರು. ಫೆಲಿಕ್ಸ್ ಒಮ್ಮೆ ಎಡಗೈ ಬಿಡುವಾದಾಗ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದರು. ಏನೂ ಆಗದೆಂದು ಗೊತ್ತಿದ್ದೂ ತಿರುಗಿಸಿದರು. ಊಟ ಮುಗಿಯುವುದರೊಳಗೆ ನಾಲ್ಕು ಸಲ. ಒಂದು ಸ್ವರವೂ ತಪ್ಪಲಿಲ್ಲ. ಬೆರಳುಗಳಿಗೆ ದಾರಿ ಗೊತ್ತಿತ್ತು.

ಖನ್ನಾ ಬಂದು ಬೆನ್ನು ತಟ್ಟಿ, ಇದೇ ಟೋನ್ ಇರಲಿ, ಇನ್ನೊಂದು ವರ್ಷಕ್ಕೆ ಚಿಂತೆಯಿಲ್ಲ ಎಂದ. “ಫೆಲಿಕ್ಸ್ ಭಾಯಿ, ಬಸ್, ಯಹೀ ಟೋನ್ ರಖ್ನಾ. ಕಮಿಟಿ ಖುಷ್ ಹೈ, ಏಕ್ ಸಾಲ್ ಔರ್ ಪಕ್ಕಾ!” ಫೆಲಿಕ್ಸ್ ಅವನ ತುಟಿ ನೋಡಿ ತಲೆಯಾಡಿಸಿದರು.

ಗಾಡಿಗಳು ನಿಲ್ಲುವ ಜಾಗದಲ್ಲಿ ಲಿಲ್ಲಿಯವರು ಆಟೋ ಹುಡುಕುತ್ತಿದ್ದಾಗ ಫೆಲಿಕ್ಸ್ ನನ್ನನ್ನು ಕೇಳಿದರು: “ಸ್ವರ ಬಂತಾ?”

“ಬಂತು.”

“ಹೇಗಿತ್ತು?”

ನಾನು ಗಂಟಲು ಸರಿ ಮಾಡಿಕೊಂಡು ವಿವರಿಸಿದೆ. ಮೇಲಿನ ಕಂಪನಾಂಕಗಳು ಮೃದುವಾಗಿ ಇಳಿದವು, ಮಧ್ಯದಲ್ಲಿ ಒಂದು ಏರು ಇತ್ತು, ತಂತಿ ಮೀಟಿದ ಅಂಚು ಸ್ಪಷ್ಟವಾಗಿತ್ತು, ಸುತ್ತುಗಳ ಓರೆ ಕೆಲಸ ಮಾಡಿತು ಎಂದೆಲ್ಲ. ಅವರು ತಾಳ್ಮೆಯಿಂದ ಪೂರ್ತಿ ನೋಡಿದರು.

“ಅದು ರಿಪೋರ್ಟ್ ಮೂರ್ತಿಯವರೆ. ನಾನು ಕೇಳಿದ್ದು ಸ್ವರ.”

ಅವರು ಪೆಟ್ಟಿಗೆಯನ್ನು ಕೈ ಬದಲಿಸಿಕೊಂಡರು. “ಬಂದವರಿಗೆಲ್ಲ ಬಡಿಸಿ ನಾನು ಉಪವಾಸ ಕೂತ ಹಾಗಾಯ್ತು,” ಎಂದರು. ದೂರಿನ ದನಿ ಅಲ್ಲ. ಏನಾಯಿತೋ ಅದನ್ನು ಹೇಳಿದ ಹಾಗೆ. ಆಮೇಲೆ ಆಟೋ ಬಂತು.

ಹೊಸ ವರ್ಷದ ಒಪ್ಪಂದಕ್ಕೆ ಬ್ಯಾಂಡಿನ ಉಳಿದವರು ಸಹಿ ಹಾಕಿದರು, ಫೆಲಿಕ್ಸ್ ಹಾಕಲಿಲ್ಲ. ಖನ್ನಾ ಮನೆಗೆ ಹೋಗಿ ಕೇಳಿದನಂತೆ, ಬೈದನಂತೆ. ಟೋನ್ ಸರಿಯಿಲ್ಲವೆಂದು ಅವನು ತೆಗೆದುಹಾಕಬಹುದೆಂದು ಹೆದರಿದ್ದ ಮನುಷ್ಯ, ಟೋನ್ ಸರಿಯಾದ ಮೇಲೆ ತಾವೇ ಬಿಟ್ಟರು. ಲಿಲ್ಲಿಯವರು ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: “ಮನೇಲಿ ನುಡಿಸ್ತಾರೆ. ಪ್ಲಗ್ ಹಾಕುದಿಲ್ಲ. ಗಿಟಾರಿನ ಮರದ ಮೇಲೆ ಗಲ್ಲ ಇಟ್ಟುಕೊಂಡು ನುಡಿಸ್ತಾರೆ.” ಗಲ್ಲದ ಮೂಳೆಯಿಂದ ಕಂಪನ ಒಳಕಿವಿಗೆ ಹೋಗುತ್ತದೆ. ಅದಕ್ಕೆ ಪಿಕಪ್ ಬೇಡ, ನಾನೂ ಬೇಡ.

ಈ ಪ್ರಕರಣದಿಂದ ಕಲಿತದ್ದನ್ನು ಬರೆಯಬೇಕಲ್ಲ. ವಸ್ತುವನ್ನು ಸರಿಪಡಿಸುವುದೂ ವಸ್ತು ತಂದವರನ್ನು ಸರಿಪಡಿಸುವುದೂ ಎರಡು ಬೇರೆ ಇಲಾಖೆಗಳು. ಎರಡನೆಯದಕ್ಕೆ ನನಗೆ ತರಬೇತಿಯೂ ಇಲ್ಲ, ಅಧಿಕಾರವೂ ಇಲ್ಲ. ಆದರೂ ಅಂದಿನಿಂದ ಯಾರೇ ಬಂದರೂ ಸ್ಕ್ರೂಡ್ರೈವರ್ ಎತ್ತುವ ಮೊದಲು, ಇದು ಸರಿಯಾದರೆ ಕೇಳುವವರು ಯಾರು ಎಂದು ವಿಚಾರಿಸುತ್ತೇನೆ. ಕೆಲವರು ನಗುತ್ತಾರೆ. ಒಬ್ಬಿಬ್ಬರು ಉತ್ತರ ಹೇಳಲಾಗದೆ, ಪೆಟ್ಟಿಗೆ ಮುಚ್ಚಿಕೊಂಡು, ಬಂದ ಮೆಟ್ಟಿಲು ಇಳಿದು ಹೋಗಿದ್ದಾರೆ. ನಾನು ತಡೆದಿಲ್ಲ.